ಮಾಳವ್ವನ ಮನೆಯಲ್ಲಿಟ್ಟ ಪ್ರಸ್ಥಾನ

ನನ್ನ ನೌಕರಿಯೆಲ್ಲ ಜಮಖಂಡಿಯ ಕೋರ್ಟಿನಲ್ಲಿ, ಸಾಕ್ಷಿಗಳು ಹೇಳಿದ್ದನ್ನು ಟೈಪು ಮಾಡುವುದರಲ್ಲೇ ಕಳೆದುಹೋಯಿತು. ಹೀಗಾಗಿ ಯಾರಾದರೂ ‘ನಾನು ಕಣ್ಣಾರೆ ಕಂಡೆ’ ಎಂದರೆ ನನಗೆ ಮೊದಲು ಬರುವುದು ಅನುಮಾನ. ಸುಳ್ಳುಗಾರರ ಮಾತು ಬಿಡಿ, ಅವರು ಬೇಗ ಸಿಕ್ಕಿಬೀಳುತ್ತಾರೆ. ಕಷ್ಟವೆಲ್ಲ ಒಳ್ಳೆಯ ಜನರದು. ಕೈಮುಗಿದು, ದೇವರ ಮೇಲೆ ಪ್ರಮಾಣ ಮಾಡಿ, ತಮಗೆ ಕಾಸಿನ ಲಾಭವಿಲ್ಲದಿದ್ದರೂ ನಡೆಯದೇ ಇದ್ದುದನ್ನು ನಡೆಯಿತೆಂದು ಹೇಳಿಹೋದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ತಾವು ಕಂಡೆವೆಂದು ನಂಬಿದ್ದನ್ನು ಹೇಳುತ್ತಿದ್ದರು, ಅಷ್ಟೇ.

ಆದ್ದರಿಂದ ದೆವ್ವದ ಕಥೆ, ಸತ್ತವರು ಬಂದು ಬಾಗಿಲು ತಟ್ಟಿದ ಕಥೆ, ಇಂಥವನ್ನು ಯಾರಾದರೂ ತೆಗೆದರೆ ನಾನು ಸುಮ್ಮನೆ ಕೂರುತ್ತಿರಲಿಲ್ಲ. ಬೆಳಕು ಎಷ್ಟಿತ್ತು, ಎಷ್ಟು ದೂರದಿಂದ ನೋಡಿದಿರಿ, ಆ ದಿನ ನಿಮಗೆ ಮೈ ಹುಷಾರಿತ್ತೇ ಎಂದು ಕೇಳಿ ಕಥೆಯ ಸೊಗಸನ್ನೆಲ್ಲ ಹಾಳುಮಾಡುತ್ತಿದ್ದೆ. ನನ್ನ ಹೆಂಡತಿ ನೀಲವ್ವ ಎಷ್ಟೋ ಸಲ ಕಣ್ಣಲ್ಲೇ ಗದರಿಸಿದ್ದಾಳೆ. ಈಗ ಹೇಳಹೊರಟಿರುವುದು ಅವಳದೇ ಸಂಗತಿ. ನಂಬಿರೆಂದು ನಿಮ್ಮನ್ನು ಕೇಳುವುದಿಲ್ಲ. ನನಗೇ ಅದು ಆಗಿಲ್ಲ.

ನೀಲಾ ಬನಹಟ್ಟಿಯ ನೇಕಾರರ ಮನೆಯ ಮಗಳು. ಮಗ್ಗದ ಸಪ್ಪಳದಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಓಣಿಯ ನಿಶ್ಶಬ್ದಕ್ಕೆ ನಿದ್ದೆ ಬರುವುದಿಲ್ಲವೆಂದು ಗೋಳಾಡುತ್ತಿದ್ದಳು. ಓದಿದ್ದು ನಾಲ್ಕನೆಯ ಇಯತ್ತೆ. ನಮಗೆ ಮಕ್ಕಳಾಗಲಿಲ್ಲ. ಅದಕ್ಕಾಗಿ ಅವಳು ಎಷ್ಟು ಅತ್ತಳೋ ನಾನು ಲೆಕ್ಕ ಇಡಲಿಲ್ಲ, ಆದರೆ ಒಂದು ವಯಸ್ಸು ದಾಟಿದ ಮೇಲೆ ಅಳುವುದನ್ನು ಬಿಟ್ಟು ಊರು ನೋಡುವ ಆಸೆ ಹಚ್ಚಿಕೊಂಡಳು. ಅಲ್ಲಿಯ ತನಕ ಅವಳು ಕಂಡ ದೂರದ ಊರೆಂದರೆ ಸವದತ್ತಿ.

ಎಂಬತ್ತರ ದಶಕದ ಒಂದು ವರ್ಷ ಅವಳ ತಮ್ಮ ಈರಣ್ಣ, ಸೀರೆಯ ಗಂಟುಗಳನ್ನು ಬೆಳಗಾವಿಗೂ ಸೊಲ್ಲಾಪುರಕ್ಕೂ ಸಾಗಿಸಲು ಒಂದು ಹಳೆಯ ಮ್ಯಾಟಡೋರ್ ಗಾಡಿ ಕೊಂಡ. ಅಕ್ಕನಿಗೆ ತೋರಿಸಲೆಂದು ಜಮಖಂಡಿಗೆ ತಂದು ನಮ್ಮ ಮನೆಯ ಮುಂದೆ ನಿಲ್ಲಿಸಿದ. ನೀಲಾ ಗಾಡಿಗೆ ಕುಂಕುಮ ಹಚ್ಚಿ, ಒಳಗೆ ಹತ್ತಿ ಕೂತು, ಇದು ಎಲ್ಲಿಯ ತನಕ ಹೋಗುತ್ತದೆ ಎಂದು ಕೇಳಿದಳು. ಅವನು ಹುಮ್ಮಸ್ಸಿನಲ್ಲಿ, “ರೋಡ ಇರೂತನಾ ಹೊಕ್ಕೈತಿ, ಅಕ್ಕಾ” ಅಂದ. ಅವಳು ಆ ಮಾತನ್ನು ಹಾಗೇ ಹಿಡಿದುಕೊಂಡಳು.

ಅಂದೇ ಸಂಜೆ ಊಟಕ್ಕೆ ಕೂತಾಗ ವಿಷಯ ಹೊರಬಿತ್ತು. ಗೋಕರ್ಣಕ್ಕೆ ಹೋಗಿ ಸಮುದ್ರ ನೋಡಬೇಕು, ಅಲ್ಲಿಯ ನೀರನ್ನು ಒಂದು ಗಿಂಡಿಯಲ್ಲಿ ತುಂಬಿಕೊಳ್ಳಬೇಕು, ಅದನ್ನು ಹಿಮಾಲಯಕ್ಕೆ ಒಯ್ದು, ಬದರಿಯ ಹತ್ತಿರ ಬರ್ಫ ಕರಗುವಲ್ಲಿ ಚೆಲ್ಲಬೇಕು. ಎಲ್ಲವೂ ಈರಣ್ಣನ ಮ್ಯಾಟಡೋರಿನಲ್ಲಿ.

“ನೀರು ಎಲ್ಲಿ ಮುಗೀತೈತಿ ಅಲ್ಲಿಂದ, ಎಲ್ಲಿ ಸುರು ಆಕ್ಕೈತಿ ಅಲ್ಲಿತನಾ ಹೋಗೂಣ್ರಿ,” ಅಂದಳು.

ನಾನು ಬಿಡುತ್ತೇನೆಯೇ? ನಮ್ಮ ಕೃಷ್ಣೆ ಹೋಗಿ ಸೇರುವುದು ಮೂಡಣ ಸಮುದ್ರಕ್ಕೆ, ಗೋಕರ್ಣಕ್ಕಲ್ಲ, ಅವಳು ಹುಟ್ಟುವುದೂ ಹಿಮಾಲಯದಲ್ಲಲ್ಲ ಎಂದೆ. ನೀಲಾ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತ, “ನೀರಿಗೆ ಇವೆಲ್ಲ ಗೊತ್ತಿರತಾವೇನ್ರಿ? ಉಪ್ಪು ಎಲ್ಲಾ ಕಡೆ ಒಂದ,” ಎಂದುಬಿಟ್ಟಳು. ಕೋರ್ಟಿನಲ್ಲಿ ಇಂಥ ಉತ್ತರಕ್ಕೆ ವಕೀಲರು ಆಕ್ಷೇಪಣೆ ಎತ್ತುತ್ತಾರೆ. ಮನೆಯಲ್ಲಿ ಅದಕ್ಕೆ ಅವಕಾಶವಿಲ್ಲ.

ಮುಂದಿನ ಬೇಸಿಗೆಗೆ ಹೋಗುವುದೆಂದು ಠರಾವಾಯಿತು. ಬೇಸಿಗೆಯಲ್ಲಿ ಕೋರ್ಟಿಗೆ ರಜೆ, ಬದರಿಯ ಬಾಗಿಲು ತೆರೆಯುವುದೂ ಆಗಲೇ. ಸಾಲೆಯ ಹುಡುಗರು ಕೊಳ್ಳುವ ಹಿಂದೂಸ್ತಾನದ ನಕಾಶೆಯೊಂದನ್ನು ತಂದು ಕೊಟ್ಟೆ. ಅದರ ಮೇಲಿನ ಅಕ್ಷರ ಸಣ್ಣ, ಊರು ನೂರಾರು. ನೀಲಾ ಅದನ್ನು ಓದುವ ಉಸಾಬರಿಗೇ ಹೋಗಲಿಲ್ಲ. ತವರಿನಿಂದ ಕೆಂಪು ನೂಲಿನ ಒಂದು ಲಡಿ ತಂದಿದ್ದಳು. ನಾನು ಬೆರಳಿಟ್ಟು ದಾರಿ ತೋರಿಸಿದಂತೆಲ್ಲ ನೂಲನ್ನು ನಕಾಶೆಯ ಮೇಲೆ ಹಾಸುತ್ತ, ರಾತ್ರಿ ತಂಗುವ ಊರು ಬಂದಲ್ಲಿ ಒಂದು ಗಂಟು ಹಾಕುತ್ತ ಹೋದಳು. ಮುಧೋಳ, ಲೋಕಾಪುರ, ಧಾರವಾಡ, ಯಲ್ಲಾಪುರದ ಘಟ್ಟ ಇಳಿದು ಗೋಕರ್ಣ. ಅಲ್ಲಿ ದೊಡ್ಡ ಗಂಟು. ಅಲ್ಲಿಂದ ಕಾರವಾರ, ಗೋವೆ, ಕೊಲ್ಲಾಪುರ, ನಾಸಿಕ, ಇಂದೂರು, ದಿಲ್ಲಿ, ಹರಿದ್ವಾರ. ಕೆಲವೇ ದಿನಗಳಲ್ಲಿ ನಕಾಶೆಯ ಅಗತ್ಯವೇ ಉಳಿಯಲಿಲ್ಲ. ರೊಟ್ಟಿ ಬಡಿದು ಕೈತೊಳೆದು ಬಂದು ನೂಲನ್ನು ಬೆರಳ ಸಂದಿಯಲ್ಲಿ ಎಳೆಯುತ್ತ, ಕಣ್ಣು ಮುಚ್ಚಿ ಊರುಗಳನ್ನು ಹೇಳಿಬಿಡುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ.

ಆ ಚಳಿಗಾಲವೆಲ್ಲ ನಮ್ಮ ಮನೆಯಲ್ಲಿ ಇದೇ ಮಾತು. ಕಡಕ್ ರೊಟ್ಟಿ ಎಷ್ಟು ದಿನ ತಡೆಯುತ್ತವೆ, ಶೇಂಗಾ ಹೋಳಿಗೆ ಎಷ್ಟು ಒಯ್ಯಬೇಕು, ಸ್ಟೋವಿನ ಸೀಮೆಎಣ್ಣೆ ಎಲ್ಲಿ ಇಡಬೇಕು. ನಮ್ಮಿಬ್ಬರ ಹತ್ತಿರವೂ ಒಂದು ಸ್ವೆಟರ್ ಇರಲಿಲ್ಲ. ಜಮಖಂಡಿಯ ಬಿಸಿಲಿನಲ್ಲಿ ಅದರ ಹೆಸರೆತ್ತಿದರೇ ಬೆವರು ಬರುತ್ತದೆ. ಆಗ ಓಣಿಯ ಮಾಳವ್ವ ಎರಡು ಕರಿ ಕಂಬಳಿ ಕೊಡುತ್ತೇನೆಂದು ಮುಂದೆ ಬಂದಳು.

ಈ ಮಾಳವ್ವನ ಬಗ್ಗೆ ಹೇಳಲೇಬೇಕು. ನಮ್ಮ ಸಾಲಿನ ಕೊನೆಯಲ್ಲಿ, ಪಡುವಣ ತುದಿಗೆ, ಅವಳ ಮನೆ. ಬೀರೇಶ್ವರನ ಒಕ್ಕಲು, ಕುರಿ ಸಾಕಿದ ಮನೆತನ. ಗಂಡ ತೀರಿಹೋಗಿದ್ದ, ಮಗ ಸರಕಾರಿ ನೌಕರಿಗೆ ಸೇರಿದ್ದ, ಮನೆಯಲ್ಲಿ ಕುರಿ ಉಳಿದಿರಲಿಲ್ಲ. ಆದರೆ ಹರೆಯದಲ್ಲಿ ಗಂಡನ ಜೊತೆ ಹಿಂಡಿನ ಹಿಂದೆ ಘಟ್ಟದ ಅಂಚಿನ ತನಕ ನಡೆದು ಬಂದವಳು. ನಮ್ಮ ಓಣಿಯಲ್ಲಿ ದೂರದ ದಾರಿ ಕಂಡವಳೆಂದರೆ ಅವಳೊಬ್ಬಳೇ. ಹೀಗಾಗಿ ಗೋಕರ್ಣ-ಬದರಿ ಪ್ರಯಾಣಕ್ಕೆ ನೀಲಾಳ ಮುಖ್ಯ ಸಲಹೆಗಾರ್ತಿ ಮಾಳವ್ವನೇ. ನಕಾಶೆ ನೋಡಿದ ನನ್ನ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ.

ಯುಗಾದಿ ಕಳೆಯಿತು. ನಾನು ಬೇಸಿಗೆಯ ರಜೆಗೆ ಮತ್ತಷ್ಟು ದಿನ ಸೇರಿಸಿ ಕೊಡಬೇಕೆಂದು ಅರ್ಜಿ ಹಾಕಿದ್ದೆ. ಮೇಲಿನವರಿಂದ ಮಂಜೂರಾತಿ ಬಂದಿರಲಿಲ್ಲ. ಹೊರಡುವ ದಿನ ಗೊತ್ತುಮಾಡಲು ಆಗುತ್ತಿಲ್ಲ. ಇತ್ತ ಪಂಚಾಂಗದಲ್ಲಿ ಪಡುವಣ ದಿಕ್ಕಿಗೆ ಹೊರಡಲು ಇದ್ದ ಒಳ್ಳೆಯ ದಿನ ಹತ್ತಿರ ಬಂತು. ಆ ದಿನ ತಪ್ಪಿದರೆ ಮುಂದೆ ಬಹಳ ದಿನ ಇಲ್ಲ. ನೀಲಾ ಅದಕ್ಕೊಂದು ದಾರಿ ಹುಡುಕಿದಳು: ಪ್ರಸ್ಥಾನ ಇಡುವುದು.

ಇದು ನಮ್ಮ ಕಡೆಯ ಹಳೆಯ ರೂಢಿ. ಒಳ್ಳೆಯ ಮುಹೂರ್ತಕ್ಕೆ ನಾವು ಹೊರಡಲಾಗದಿದ್ದರೆ, ನಮ್ಮದೊಂದು ಗಂಟು ಹೊರಡಬೇಕು. ನಾವು ಉಟ್ಟ ಬಟ್ಟೆ, ಒಂದಿಷ್ಟು ಅಕ್ಕಿ, ಅರಿಷಿಣದ ಕೊಂಬು, ಅಡಿಕೆ ಕಟ್ಟಿ, ಹೋಗುವ ದಿಕ್ಕಿಗಿರುವ ಇನ್ನೊಬ್ಬರ ಮನೆಯಲ್ಲಿ ಇಟ್ಟುಬರಬೇಕು. ಅಲ್ಲಿಗೆ ಆ ಮುಹೂರ್ತಕ್ಕೆ ನಾವು ಹೊರಟಂತೆಯೇ ಲೆಕ್ಕ. ಆಮೇಲೆ ನಿಜವಾಗಿ ಹೊರಡುವಾಗ ಆ ಮನೆಗೆ ಹೋಗಿ, ಗಂಟು ತೆಗೆದುಕೊಂಡು, ಹಾಗೇ ಮುಂದೆ ನಡೆಯಬೇಕು. ಗಂಟನ್ನು ಹಿಂದೆ ಮನೆಗೆ ತರುವಂತಿಲ್ಲ. ಇಟ್ಟುಕೊಂಡವರೂ ಅದನ್ನು ಹೊರಟವರ ಕೈಗೇ ಕೊಡಬೇಕು, ಬೇರೆ ಯಾರು ಕೇಳಿದರೂ ಕೊಡಬಾರದು. ನಾನು ನಕ್ಕೆ. ಗಂಟು ಮೊದಲು ಹೋಗಿ ನಾವು ಆಮೇಲೆ ಹೋಗುವುದಾದರೆ, ಗಂಟನ್ನೇ ಬದರಿಗೆ ಕಳಿಸಿ ನಾವು ಮನೆಯಲ್ಲಿ ಮಾವಿನಹಣ್ಣು ತಿನ್ನೋಣ ಎಂದೆ.

ಆ ದಿನ ಬೆಳಿಗ್ಗೆ ನೀಲಾ ಎರಡು ಗಂಟು ಕಟ್ಟಿದಳು. ತನ್ನದನ್ನು ಗುಳೇದಗುಡ್ಡದ ಕುಪ್ಪಸದ ಖಣದಲ್ಲಿ, ನನ್ನದನ್ನು ನನ್ನ ಹಳೆಯ ಟವೆಲಿನಲ್ಲಿ. ತನ್ನ ಗಂಟಿನಲ್ಲಿ ಸಮುದ್ರದ ನೀರು ತುಂಬಲೆಂದು ತಂದಿದ್ದ ತಾಮ್ರದ ಗಿಂಡಿಯನ್ನೂ ಇಟ್ಟಳು. ಇಬ್ಬರೂ ಹೋಗಿ ಮಾಳವ್ವನ ಪಡಸಾಲೆಯ ಗೋಡೆಯೊಳಗಿನ ಗೂಡು, ಮಾಡು ಅನ್ನುತ್ತೇವಲ್ಲ, ಅದರಲ್ಲಿ ಇಟ್ಟುಬಂದೆವು. ಮಾಳವ್ವ ಗಂಟುಗಳಿಗೆ ಬೀರೇಶ್ವರನ ಅರಿಷಿಣದ ಭಂಡಾರ ಹಚ್ಚಿ, “ಇನ್ನ ನೀವು ಹೊಂಟಂಗನ ಆತು ತಗೋರಿ,” ಅಂದಳು. ವಾಪಸು ಬರುವಾಗ ನೀಲಾಳ ನಡಿಗೆಯೇ ಬೇರೆಯಾಗಿತ್ತು. ಅಷ್ಟು ಖುಷಿಯಾಗಿ ಅವಳನ್ನು ನಾನು ನೋಡಿರಲಿಲ್ಲ.

ಆ ವಾರವೇ ಅವಳಿಗೆ ಜ್ವರ ಬಂತು. ಮೊದಲು ಬಿಸಿಲಿನ ಝಳ ಎಂದುಕೊಂಡೆವು. ಡಾಕ್ಟರರು ಗುಳಿಗೆ ಕೊಟ್ಟರು, ಇಳಿಯಿತು, ಮತ್ತೆ ಏರಿತು. ಒಂದು ಸಂಜೆ ಅವಳು ಮಾತು ತಪ್ಪಿ ಏನೇನೋ ಅನ್ನತೊಡಗಿದಾಗ ಡಾಕ್ಟರರೇ ಹೆದರಿ, ತಡಮಾಡಬೇಡಿ, ಮಿರಜಿಗೆ ಒಯ್ಯಿರಿ ಎಂದರು. ಈರಣ್ಣ ಮ್ಯಾಟಡೋರ್ ತಂದ. ಹಿಂದೆ ಹಾಸಿಗೆ ಹಾಸಿ ಮಲಗಿಸಿದೆವು. ಆ ಗಾಡಿಯಲ್ಲಿ ನಾವು ಮಾಡಿದ ಮೊದಲ ಪ್ರಯಾಣ ಅದು. ಹೊರಡುವಾಗ ಈರಣ್ಣ ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತ.

ಮಿರಜಿನ ಆಸ್ಪತ್ರೆಯವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಜ್ವರ ಮಿದುಳಿಗೆ ಏರಿದೆ ಎಂದರು. ನಾನು ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. ನೀಲಾಳ ಮುಖ ಬಾತು, ತುಟಿ ಸೀಳಿ, ಗುರುತು ಸಿಗದಂತಾಗಿತ್ತು. ಕಣ್ಣು ತೆರೆದರೂ ನನ್ನನ್ನು ದಾಟಿ ಗೋಡೆಯನ್ನು ನೋಡುತ್ತಿದ್ದಳು. ನೀಲಾ ಎಂದು ಕರೆದರೆ ಓಗೊಡುತ್ತಿರಲಿಲ್ಲ. ಇಪ್ಪತ್ತು ವರ್ಷ ಒಂದೇ ಸೂರಿನಡಿ ಬಾಳಿದವಳು ನನ್ನನ್ನು ಗುರುತಿಸದೆ ಮಲಗಿರುವುದನ್ನು ನೋಡುವುದಿದೆಯಲ್ಲ, ಅದು ಶತ್ರುವಿಗೂ ಬೇಡ.

ಕೊನೆಯ ದಿನ ಮಧ್ಯಾಹ್ನ ಡಾಕ್ಟರರು ನೋಡಿಕೊಂಡು ಹೋದರು. ಈರಣ್ಣ ಊಟ ತರಲು ಹೊರಗೆ ಹೋಗಿದ್ದ. ಕೋಣೆಯಲ್ಲಿ ಸೆಕೆ. ನಾನು ಒದ್ದೆ ಬಟ್ಟೆಯಿಂದ ಅವಳ ಹಣೆ ಒರೆಸುತ್ತಿದ್ದೆ. ಆಗ ನೀಲಾ ಕಣ್ಣು ಮುಚ್ಚಿಕೊಂಡೇ, ಮನೆಯಲ್ಲಿ ಅಡುಗೆಯ ಕೋಣೆಯಿಂದ ಕೂಗಿ ಹೇಳುತ್ತಾಳಲ್ಲ ಆ ದನಿಯಲ್ಲಿ, “ಮಾಳವ್ವಕ್ಕನ ಮನಿಗೆ ಹೋಗಿ ಬರ್ತೀನ್ರಿ,” ಅಂದಳು.

ಬಾಯಿ ತಡವರಿಸಲಿಲ್ಲ. ಅಷ್ಟು ದಿನದ ತೊದಲು ಒಂದಿಷ್ಟೂ ಇರಲಿಲ್ಲ. ಸಂಜೆಯಾದರೆ ದಿನಾ ಅನ್ನುತ್ತಿದ್ದ ಮಾತು ಅದು. ನಾನೂ ದಿನಾ ಅನ್ನುವಂತೆಯೇ, ಪೇಪರಿನಿಂದ ತಲೆ ಎತ್ತದೆ ಅನ್ನುತ್ತಿದ್ದೆನಲ್ಲ ಹಾಗೆ, “ಹೂಂ, ಹೋಗಿ ಬಾ,” ಅಂದೆ. ಆ ಮೇಲೆ ಅವಳು ಮಾತಾಡಲಿಲ್ಲ. ಆದರೆ ನಾನು ಹಣೆ ಒರೆಸುವುದು ಬಿಟ್ಟು ಕೈ ಹಿಡಿದಾಗ ಅವಳ ಬೆರಳುಗಳು ನನ್ನ ಬೆರಳುಗಳನ್ನು ಸುತ್ತಿಕೊಂಡವು. ಗಟ್ಟಿಯಾಗಿ ಹಿಡಿದಳು. ನನ್ನ ಗುರುತು ಸಿಕ್ಕಿತು ಎಂದು ನನಗೆ ಎಷ್ಟೋ ದಿನಗಳ ಮೇಲೆ ಸಮಾಧಾನವಾಯಿತು. ಬಿಸಿಲು ಕಿಟಕಿಯಿಂದ ಇಳಿದು ಮಂಚದ ಕಾಲಿಗೆ ಬರುವ ತನಕ ನಾವು ಹಾಗೇ ಕೈ ಹಿಡಿದುಕೊಂಡು ಇದ್ದೆವು. ಆಮೇಲೆ ಉಸಿರು ನಿಂತಿತು. ನರ್ಸು ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಈರಣ್ಣ ಜಮಖಂಡಿಯ ನಮ್ಮ ಕಚೇರಿಗೆ ಫೋನು ಮಾಡಿ ಸುದ್ದಿ ಮುಟ್ಟಿಸಿದ. ಅದೇ ಮ್ಯಾಟಡೋರಿನಲ್ಲಿ ನೀಲಾಳನ್ನು ಕರೆದುಕೊಂಡು ನಾವು ಊರಿಗೆ ಬಂದೆವು. ಬೆಳಗಾದ ಮೇಲೆ ಬನಹಟ್ಟಿಯಿಂದ ಬಂಧುಗಳು ಬಂದರು, ಮಣ್ಣು ಮಾಡಿದೆವು. ಆ ಗದ್ದಲದಲ್ಲಿ ನಾನು ಒಂದನ್ನು ಗಮನಿಸಿದ್ದೆ. ಓಣಿಯ ಹೆಂಗಸರೆಲ್ಲ ಅಳುತ್ತಿದ್ದರೆ ಮಾಳವ್ವ ಮಾತ್ರ ಅಳುತ್ತಿರಲಿಲ್ಲ. ಗೋಡೆಗೆ ಒರಗಿ ನಿಂತು ನೀಲಾಳ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ದುಃಖಕ್ಕಿಂತ ಸಂಶಯ ಹೆಚ್ಚಿತ್ತು.

ಮೂರನೆಯ ದಿನ ಅವಳು ಬಂದು ನನ್ನೆದುರು ಕೂತಳು. ಸೆರಗಿನ ತುದಿ ಸುತ್ತುತ್ತ ಬಾಯಿಬಿಟ್ಟಳು.

“ಸಾಹೇಬ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀಲವ್ವ ತೀರಿಕೊಂಡ ದಿನಾನ ನಮ್ಮ ಮನಿಗೆ ಬಂದಿದ್ಲರಿ. ತನ್ನ ಗಂಟು ತಗೊಂಡ ಹೋದ್ಲು.”

ನನಗೆ ಸಿಟ್ಟು ಬಂತು. ಬಂದ ಸಿಟ್ಟನ್ನು ನುಂಗಿ, ಅಷ್ಟು ವರ್ಷ ಕೋರ್ಟಿನಲ್ಲಿ ಕೇಳಿ ಕೇಳಿ ರೂಢಿಯಾದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಹೆಂಡತಿ ಸತ್ತ ಮೂರನೆಯ ದಿನ, ಬೋಳು ಗೋಡೆಗೆ ಒರಗಿ, ಒಬ್ಬ ಮುದುಕಿಯ ಪಾಟೀಸವಾಲು ಮಾಡುತ್ತಿದ್ದೆ. ಬೇರೆ ಏನು ಮಾಡಲೂ ನನಗೆ ಬರುತ್ತಿರಲಿಲ್ಲ.

ಮಾಳವ್ವ ಹೇಳಿದ್ದು ಇಷ್ಟು. ಅವಳು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆಗಷ್ಟೇ ಮುಗಿದಿತ್ತು. ನೀಲಾ ನಡೆದುಕೊಂಡು ಬಂದಳು. ಹುಷಾರಾಗಿದ್ದಳು, ಮುಖ ಕಳೆಕಳೆಯಾಗಿತ್ತು. ಆರಾಮ ಆತೇನವ್ವಾ ಎಂದರೆ, “ಆತು ಬಿಡಬೇ,” ಅಂದಳು. ಒಳಗೆ ಬಂದು ಮಾಡಿನ ಕಡೆ ಕೈ ಮಾಡಿದಳು. ಮಾಳವ್ವ ಎದ್ದು ಖಣದ ಗಂಟನ್ನು ತೆಗೆದು ಅವಳ ಕೈಯಲ್ಲಿ ಕೊಟ್ಟಳು. ಇನ್ನೊಂದನ್ನೂ ಕೊಡಹೋದಾಗ ನೀಲಾ ಬೇಡವೆಂದಳು.

“ಸಾಹೇಬ್ರು ಎಲ್ಲಿ ಅಂತ ಕೇಳಿದ್ನಿರಿ,” ಅಂದಳು ಮಾಳವ್ವ. “ಅವರಿಗೆ ಇನ್ನಾ ರಜಾ ಸಿಕ್ಕಿಲ್ಲಬೇ, ಅವರ ಗಂಟು ಇಲ್ಲೇ ಇರ್ಲಿ ಅಂದ್ಲು.”

ಆಮೇಲೆ, ನಮ್ಮ ಮನೆಯ ಕಡೆ ಬಂದಳೇ, ಬಾಗಿಲ ಕಡೆಗಾದರೂ ನೋಡಿದಳೇ ಎಂದು ಕೇಳಿದೆ. ಮಾಳವ್ವ ತಲೆ ಅಲ್ಲಾಡಿಸಿದಳು. “ಇಲ್ರಿ. ಗಂಟು ತಗೊಂಡ ಮ್ಯಾಲ ಹೊಳ್ಳಿ ನೋಡ್ತಾರೇನ್ರಿ? ಪಡುವಣ ಕಡೆ ನಡದ್ಲು.”

ನಾನು ಎದ್ದು ಅವಳ ಮನೆಗೆ ಹೋಗಿ ಮಾಡು ನೋಡಿದೆ. ನನ್ನ ಟವೆಲಿನ ಗಂಟು ಇತ್ತು. ಪಕ್ಕದಲ್ಲಿ ಭಂಡಾರದ ಗುರುತು ಇತ್ತು, ಗಂಟು ಇರಲಿಲ್ಲ. ಮನೆಯಲ್ಲೆಲ್ಲ ಹುಡುಕಿದೆವು. ಹಿತ್ತಲು, ಹಳೆಯ ಮೇವಿನ ಗ್ವಾದಲಿ, ಸುಟ್ಟ ಬೂದಿಯ ಗುಂಡಿ, ಒಂದನ್ನೂ ಬಿಡಲಿಲ್ಲ. ಖಣದ ಚೂರಾಗಲಿ, ತಾಮ್ರದ ಗಿಂಡಿಯಾಗಲಿ ಅಂದಿಗೂ ಸಿಗಲಿಲ್ಲ, ಇಂದಿಗೂ ಸಿಕ್ಕಿಲ್ಲ. ಅರಿಷಿಣದ ಕೊಂಬಿಗೆ ಆಸೆಬಿದ್ದು ಯಾವ ಕಳ್ಳ ಬರುತ್ತಾನೆ? ಗಿಂಡಿಗಾಗಿ ಬಂದ ಎನ್ನೋಣವೆಂದರೆ, ಅದೇ ಮಾಡಿನಲ್ಲಿ ಅದಕ್ಕಿಂತ ದೊಡ್ಡ ಹಿತ್ತಾಳೆಯ ದೀಪದ ಸಮೆ ಇತ್ತು, ಅದನ್ನು ಮುಟ್ಟಿರಲಿಲ್ಲ.

ಸಾವಿನ ಸುದ್ದಿ ಕೇಳಿದ ಮೇಲೆ ಮುದುಕಿಯ ಮನಸ್ಸು ಹೀಗೊಂದು ಚಿತ್ರ ಕಟ್ಟಿಕೊಂಡಿರಬೇಕು ಎಂದು ಆಗ ನನಗೆ ಅನ್ನಿಸಿತು. ಇದು ಆಗುವಂಥದೇ. ಆದರೆ ನಮ್ಮ ಕಚೇರಿಯ ಸಿಪಾಯಿ ಅದಕ್ಕೂ ಕಲ್ಲು ಹಾಕಿದ. ಈರಣ್ಣನ ಫೋನು ಬಂದ ಸಂಜೆ ಓಣಿಗೆ ಸುದ್ದಿ ಹೇಳಲು ಬಂದವನು ಅವನೇ. ಅವನು ನನಗೆ ತಾನಾಗಿ ಹೇಳಿದ: “ಹಿಂಗಾತು ಅಂತ ನಾ ಹೇಳಿದ್ರ ಆ ಮುದುಕಿ ನನ್ನ ಬೈದು ಕಳಿಸಿದ್ಲರಿ. ಮಧ್ಯಾಹ್ನ ಬಂದ ಗಂಟು ಒಯ್ದಾಳೋ, ನೀ ಯಾರ ಸುದ್ದಿ ತಂದೀ ಅಂದ್ಲು.” ಅಂದರೆ ಸುದ್ದಿ ಕೇಳುವ ಮೊದಲೇ ಮಾಳವ್ವನಿಗೆ ನೀಲಾ ಬಂದುಹೋದದ್ದು ಗೊತ್ತಿತ್ತು.

ಉಟ್ಟ ಸೀರೆಯನ್ನೂ ಕೇಳಿದ್ದೆ. ದಾಳಿಂಬೆ ಬಣ್ಣದ್ದು, ಹಸಿರು ದಡಿ ಎಂದಿದ್ದಳು. ಪ್ರಯಾಣಕ್ಕೆಂದು ಈರಣ್ಣ ತನ್ನ ಮಗ್ಗದಲ್ಲೇ ನೇಯಿಸಿ ತಂದುಕೊಟ್ಟಿದ್ದ ಸೀರೆ ಅದು. ನೀಲಾ ಅದನ್ನು ಇನ್ನೂ ಉಟ್ಟಿರಲಿಲ್ಲ. ಟ್ರಂಕು ತೆಗೆದು ನೋಡಿದೆ, ಮಡಿಕೆ ಬಿಚ್ಚದೆ ಹಾಗೇ ಇತ್ತು. ಸೀರೆ ಟ್ರಂಕಿನಲ್ಲಿದ್ದರೆ ಉಟ್ಟುಕೊಂಡು ಬಂದವಳು ಯಾರು? ಇದು ಮಾಳವ್ವನ ಮಾತಿಗೆ ವಿರುದ್ಧವಾಯಿತೆಂದು ಒಂದು ಕ್ಷಣ ಗೆದ್ದವನಂತಾದೆ. ಆದರೆ ಅವಳಿಗೆ ಆ ಸೀರೆಯ ಬಣ್ಣ ತಿಳಿದದ್ದು ಹೇಗೆ? ನೀಲಾ ತೋರಿಸಿರಬಹುದು. ಹೊಸ ಸೀರೆ ಬಂದರೆ ಹೆಂಗಸರು ತೋರಿಸದೆ ಇರುತ್ತಾರೆಯೇ? ಮಾಳವ್ವ ಮಾತ್ರ ತೋರಿಸಿರಲಿಲ್ಲ ಎನ್ನುತ್ತಾಳೆ. ಹೀಗೆ ಎತ್ತ ಹೋದರೂ ಗೋಡೆ.

ಹದಿಮೂರು ದಿನ ಕಳೆದ ಮೇಲೆ ನನ್ನ ಗಂಟನ್ನಾದರೂ ಮನೆಗೆ ಒಯ್ಯುತ್ತೇನೆಂದು ಹೋದೆ. ಮಾಳವ್ವ ಕೊಡಲಿಲ್ಲ. “ನೀವು ಹೊಂಟಿಲ್ಲಲ್ರಿ. ಹೊಂಟಾಗ ಬರ್ರಿ, ಕೊಡ್ತೀನಿ,” ಅಂದಳು. ಅವಳ ದನಿಯಲ್ಲಿ ಗೂಢವೇನೂ ಇರಲಿಲ್ಲ. ರೂಢಿ ಹೇಗಿದೆಯೋ ಹಾಗೆ ಹೇಳಿದಳು. ನಾನು ಬರಿಗೈಯಲ್ಲಿ ಮನೆಗೆ ಬಂದೆ. ಕೆಲವು ವರ್ಷಗಳ ಮೇಲೆ ಅವಳೂ ತೀರಿಕೊಂಡಳು. ಮಗ ಮನೆ ಕೆಡವಿ ಹೊಸದು ಕಟ್ಟಿಸಿದ. ಆ ಗಂಟು ಏನಾಯಿತೆಂದು ನಾನು ವಿಚಾರಿಸಲಿಲ್ಲ.

ಈರಣ್ಣನಿಗೆ ಇದರಲ್ಲಿ ಸಂಶಯವೇ ಇಲ್ಲ. ಕೇಳಿದ ದಿನವೇ ನಂಬಿದ. ಆ ವರ್ಷ ಮಳೆಗಾಲ ಕಳೆದ ಕೂಡಲೇ, ಸೀರೆಯ ಬಾಡಿಗೆ ಬಿಟ್ಟು, ಮ್ಯಾಟಡೋರ್ ಹೊಡೆದುಕೊಂಡು ಒಬ್ಬನೇ ಗೋಕರ್ಣಕ್ಕೆ ಹೋದ. ಸಮುದ್ರದ ದಂಡೆಯ ಚಹಾದ ಅಂಗಡಿಯವರನ್ನು, ಹೂ ಮಾರುವವರನ್ನು, ದಾಳಿಂಬೆ ಸೀರೆಯ ಹೆಣ್ಣುಮಗಳು ತಾಮ್ರದ ಗಿಂಡಿ ಹಿಡಿದು ಬಂದಿದ್ದಳೇ ಎಂದು ಕೇಳುತ್ತ ತಿರುಗಿದ. ಒಬ್ಬ ಹೂವಿನ ಮುದುಕಿ, ಬಂದಿರಬಹುದಪ್ಪಾ, ದಿನಾ ಎಷ್ಟೋ ಜನ ಬರುತ್ತಾರೆ ಎಂದಳಂತೆ. ಅಷ್ಟಕ್ಕೇ ಅವನಿಗೆ ಸಮಾಧಾನ. “ಮಾಮಾ, ಅಕ್ಕ ಸಮುದ್ರ ನೋಡ್ಯಾಳ,” ಎಂದು ನನ್ನ ಎರಡೂ ಕೈ ಹಿಡಿದು ಹೇಳಿದ. ಈ ಸಾಕ್ಷಿ ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ ಎಂದು ಅವನಿಗೆ ಹೇಗೆ ಹೇಳಲಿ? ಹೂಂ ಅಂದೆ.

ಬಂಧುಗಳು, ಸ್ನೇಹಿತರು ನನಗೂ ಅದನ್ನೇ ಹೇಳುತ್ತಾರೆ. ನಂಬಿಬಿಡು ಮಾರಾಯಾ, ನಿನಗೂ ನೆಮ್ಮದಿ. ಆ ಮಿರಜಿನ ಮುಖ ಮರೆತುಬಿಡು, ಮಾಳವ್ವ ಕಂಡ ಮುಖ ಇಟ್ಟುಕೋ. ಅವಳು ನಗುನಗುತ್ತ ಹೊರಟುಹೋದಳು ಅಂದುಕೋ. ಅವರು ಒಳ್ಳೆಯದಕ್ಕೇ ಹೇಳುತ್ತಾರೆ. ನಾನೂ ಪ್ರಯತ್ನಿಸಿದ್ದೇನೆ. ಎಷ್ಟೋ ಸಲ ಮಾಳವ್ವನ ಮಾತನ್ನು ಮನಸ್ಸಿನಲ್ಲೇ ಟೈಪು ಮಾಡಿ, ಓದಿ, ಎಲ್ಲಾದರೂ ಬಿರುಕು ಸಿಗುತ್ತದೆಯೇ ಎಂದು ನೋಡಿದ್ದೇನೆ. ಅವಳು ಸುಳ್ಳು ಹೇಳುವವಳಲ್ಲ. ಅವಳ ಕಣ್ಣು ಚೆನ್ನಾಗಿತ್ತು. ಮಟಮಟ ಮಧ್ಯಾಹ್ನದ ಬೆಳಕು. ಬೇರೆ ಯಾರ ಕೈಗೂ ಅವಳು ಆ ಗಂಟನ್ನು ಕೊಡುತ್ತಿರಲಿಲ್ಲ.

ಆದರೂ ನನಗೆ ನಂಬಲಾಗುವುದಿಲ್ಲ, ಅದಕ್ಕೆ ಕಾರಣ ಬುದ್ಧಿಯಲ್ಲ. ಮಾಳವ್ವ ನೀಲಾಳನ್ನು ಕಂಡದ್ದು ಮಧ್ಯಾಹ್ನದ ಬಾಂಗ್ ಮುಗಿದ ಹೊತ್ತಿಗೆ. ನೀಲಾಳ ಉಸಿರು ನಿಂತದ್ದು ಬಿಸಿಲು ಇಳಿದ ಮೇಲೆ. ನಡುವೆ ಅಷ್ಟು ಹೊತ್ತು ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕೊನೆಗೆ ನನ್ನ ಗುರುತು ಸಿಕ್ಕಿತು ಅವಳಿಗೆ, ನನ್ನ ಕೈ ಹಿಡಿದೇ ಹೋದಳು ಎನ್ನುವುದೊಂದನ್ನು ನೆಚ್ಚಿಕೊಂಡು ನಾನು ಇಷ್ಟು ವರ್ಷ ಬದುಕಿದ್ದೇನೆ. ಮಾಳವ್ವ ಹೇಳಿದ್ದು ಖರೆಯಾದರೆ, ಆ ಮಧ್ಯಾಹ್ನವೆಲ್ಲ ಮಿರಜಿನಲ್ಲಿ ನಾನು ಹಿಡಿದುಕೊಂಡು ಕೂತಿದ್ದು ಯಾರ ಕೈಯನ್ನು?